ಭಿವಾನಿಯಲ್ಲಿ ರಿಂಗ್ ಕಟ್ಟಿದ ಕ್ಯಾಪ್ಟನ್

ಹರಿಯಾಣ ರಾಜ್ಯ ಹುಟ್ಟಿದ್ದು 1966ರ ನವೆಂಬರ್ 1ರಂದು. ಹೊಸ ರಾಜ್ಯದ ಕಚೇರಿಗಳಿಗೆ ಬೋರ್ಡು ಬರೆಸುವ ಕೆಲಸವೂ ಮುಗಿದಿತ್ತೋ ಇಲ್ಲವೋ, ಡಿಸೆಂಬರ್‌ನಲ್ಲಿ ಬ್ಯಾಂಕಾಕ್‌ನಿಂದ ಸುದ್ದಿ ಬಂತು. ಏಷ್ಯನ್ ಗೇಮ್ಸ್‌ನ ಹೆವಿವೇಟ್ ಬಾಕ್ಸಿಂಗ್ ಫೈನಲ್‌ನಲ್ಲಿ ಪಾಕಿಸ್ತಾನದ ಅಬ್ದುಲ್ ರೆಹಮಾನ್ ಅವರನ್ನು ಸೋಲಿಸಿ ಹವಾ ಸಿಂಗ್ ಚಿನ್ನ ಗೆದ್ದಿದ್ದರು. ಹಿಂದಿನ ವರ್ಷವಷ್ಟೇ ಎರಡು ದೇಶಗಳ ನಡುವೆ ಯುದ್ಧ ನಡೆದಿತ್ತು. ಗೆದ್ದವರು ಭಾರತೀಯ ಸೇನೆಯ ಯೋಧ. ಸಂಭ್ರಮಕ್ಕೆ ಇನ್ನೇನು ಬೇಕು?

ನಾಲ್ಕು ವರ್ಷದ ನಂತರ ಕ್ರೀಡಾಕೂಟ ನಡೆಸಬೇಕಿದ್ದ ದಕ್ಷಿಣ ಕೊರಿಯಾದ ಸೋಲ್ ನಗರ ಹಿಂದೆ ಸರಿದಿದ್ದರಿಂದ 1970ರಲ್ಲೂ ಬ್ಯಾಂಕಾಕೇ ಆತಿಥ್ಯ ವಹಿಸಿತು. ಹವಾ ಸಿಂಗ್ ಮತ್ತೆ ಬಂದರು, ಇರಾನಿನ ಬಾಕ್ಸರ್‌ನನ್ನು ಸೋಲಿಸಿ ಮತ್ತೆ ಚಿನ್ನ ಗೆದ್ದರು. ಏಷ್ಯನ್ ಗೇಮ್ಸ್ ಬಾಕ್ಸಿಂಗ್‌ನಲ್ಲಿ ಬೆನ್ನುಬೆನ್ನಿಗೆ ಎರಡು ಚಿನ್ನ ತಂದ ಮತ್ತೊಬ್ಬ ಭಾರತೀಯ ಇವತ್ತಿಗೂ ಇಲ್ಲ.

ಇಷ್ಟಾದರೂ ಹವಾ ಸಿಂಗ್ ಅವರ ದೊಡ್ಡ ಸಾಧನೆಯನ್ನು ಹುಡುಕಬೇಕಾದದ್ದು ಬ್ಯಾಂಕಾಕ್‌ನಲ್ಲಲ್ಲ, ದೆಹಲಿಯಿಂದ ಪಶ್ಚಿಮಕ್ಕೆ ಸುಮಾರು 120 ಕಿ.ಮೀ. ದೂರದ ಭಿವಾನಿಯಲ್ಲಿ. ರಾಜಸ್ಥಾನದ ಅಂಚಿನ ಒಣ ಸೀಮೆ ಅದು. ದೇವಸ್ಥಾನಗಳು ಹೆಚ್ಚಿದ್ದುದರಿಂದ ಅದನ್ನು 'ಛೋಟಿ ಕಾಶಿ' ಎನ್ನುತ್ತಿದ್ದರು. ಈಗ ಪತ್ರಿಕೆಗಳು, ಬಾಕ್ಸಿಂಗ್‌ಗೆ ಹೆಸರಾದ ಕ್ಯೂಬಾ ದೇಶಕ್ಕೆ ಹೋಲಿಸಿ, 'ಮಿನಿ ಕ್ಯೂಬಾ' ಎನ್ನುತ್ತವೆ. ದೇವಸ್ಥಾನದ ಊರು ಬಾಕ್ಸಿಂಗ್‌ನ ಊರಾದ ಕಥೆ ಬಹುಮಟ್ಟಿಗೆ ಹವಾ ಸಿಂಗ್ ಅವರ ಕಥೆಯೇ.

ದಂಡಿನ ಆಟ

ಹವಾ ಸಿಂಗ್ ಹುಟ್ಟಿದ್ದು 1937ರಲ್ಲಿ, ಭಿವಾನಿ ಸೀಮೆಯ ಉಮರ್‌ವಾಸ್ ಎಂಬ ಹಳ್ಳಿಯಲ್ಲಿ. ಆ ಸೀಮೆಯ ಹುಡುಗರಿಗೆ ಗೊತ್ತಿದ್ದ ಆಟಗಳು ಕುಸ್ತಿ ಮತ್ತು ಕಬಡ್ಡಿ. ಊರೂರಿಗೆ ಅಖಾಡ ಇತ್ತು, ರಿಂಗ್ ಇರಲಿಲ್ಲ. ದೇಶದಲ್ಲಿ ಬಾಕ್ಸಿಂಗ್‌ಗೆ ರಾಷ್ಟ್ರೀಯ ಸಂಸ್ಥೆ ಹುಟ್ಟಿದ್ದೇ 1949ರಲ್ಲಿ. ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದದ್ದು ಮರುವರ್ಷ ಮುಂಬೈನಲ್ಲಿ. ಕೋಲ್ಕತ್ತ, ಮುಂಬೈನಂಥ ನಗರಗಳ ಕ್ಲಬ್ಬುಗಳನ್ನು ಬಿಟ್ಟರೆ ಈ ಆಟ ಬದುಕಿದ್ದು ಸೇನೆ, ರೈಲ್ವೆ, ಪೊಲೀಸ್ ಇಲಾಖೆಗಳ ಅಂಗಳದಲ್ಲಿ. ಹಳ್ಳಿಯ ಹುಡುಗ ಗ್ಲೌಸ್ ತೊಡಬೇಕೆಂದರೆ ಮೊದಲು ಸಮವಸ್ತ್ರ ತೊಡಬೇಕಿತ್ತು.

ಹವಾ ಸಿಂಗ್ 1956ರಲ್ಲಿ ಸೇನೆಗೆ ಸೇರಿದರು. ಎತ್ತರದ ಆಳು, ಉದ್ದನೆಯ ತೋಳು. ಅಂಥ ಮೈಕಟ್ಟನ್ನು ಸೇನೆ ಸುಮ್ಮನೆ ಬಿಡುವುದಿಲ್ಲ. 1960ರಲ್ಲಿ ಹಾಲಿ ಚಾಂಪಿಯನ್ ಮೊಹಬ್ಬತ್ ಸಿಂಗ್ ಅವರನ್ನು ಮಣಿಸಿ ಪಶ್ಚಿಮ ಕಮಾಂಡ್‌ನ ಪಟ್ಟ ಗೆದ್ದರು. ಮರುವರ್ಷ ರಾಷ್ಟ್ರೀಯ ಚಾಂಪಿಯನ್ ಆದರು. ಅಲ್ಲಿಂದ 1972ರವರೆಗೆ ಸತತ 11 ಬಾರಿ ಆ ಪಟ್ಟ ಅವರ ಕೈಬಿಡಲಿಲ್ಲ. 1966ರಲ್ಲಿ ಅರ್ಜುನ ಪ್ರಶಸ್ತಿ, 1968ರಲ್ಲಿ ಸೇನೆಯ ಅತ್ಯುತ್ತಮ ಕ್ರೀಡಾಪಟುವಿಗೆ ಕೊಡುವ ಸೇನಾ ಮುಖ್ಯಸ್ಥರ ಟ್ರೋಫಿ ಬಂದವು.

ಸಿಕ್ಕಿದ್ದರ ಜೊತೆಗೆ ತಪ್ಪಿಹೋದದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1962ರಲ್ಲಿ ಜಕಾರ್ತದಲ್ಲಿ ಏಷ್ಯನ್ ಗೇಮ್ಸ್ ನಡೆದಾಗ ಚೀನಾ ಗಡಿ ಕಾವೇರಿತ್ತು. ಹವಾ ಸಿಂಗ್ ಅವರಿಗೆ ಹೋಗಲಾಗಲಿಲ್ಲ. ಒಲಿಂಪಿಕ್ಸ್‌ನದು ಇನ್ನೊಂದು ಕಥೆ. 1952ರ ಹೆಲ್ಸಿಂಕಿಯ ನಂತರ 1972ರ ಮ್ಯೂನಿಕ್‌ವರೆಗೆ ಭಾರತ ಒಲಿಂಪಿಕ್ಸ್‌ಗೆ ಒಬ್ಬ ಬಾಕ್ಸರ್‌ನನ್ನೂ ಕಳುಹಿಸಲಿಲ್ಲ. ಹವಾ ಸಿಂಗ್ ಅವರ ತೋಳಿನಲ್ಲಿ ಕಸುವು ತುಂಬಿದ್ದ ವರ್ಷಗಳೆಲ್ಲ ಸರಿಯಾಗಿ ಆ ಖಾಲಿ ಜಾಗದಲ್ಲೇ ಬಿದ್ದವು. ಏಷ್ಯಾದಲ್ಲಿ ಎದುರಾಳಿಯೇ ಇಲ್ಲ ಎನಿಸಿಕೊಂಡವರು ಒಲಿಂಪಿಕ್ ರಿಂಗ್‌ನ ಹಗ್ಗ ಮುಟ್ಟಲಿಲ್ಲ.

ಊರಿಗೆ ಮರಳಿದ ಮೇಲೆ

ಗೌರವ ಕ್ಯಾಪ್ಟನ್ ಹುದ್ದೆಗೇರಿ ನಿವೃತ್ತರಾದ ಹವಾ ಸಿಂಗ್ ಭಿವಾನಿಗೆ ಮರಳಿ ಕೋಚ್ ಆದರು. ಪಿಂಚಣಿ ಇತ್ತು, ಹೆಸರಿತ್ತು. ಸಭೆ ಸಮಾರಂಭಗಳಲ್ಲಿ ಹಾರ ಹಾಕಿಸಿಕೊಂಡು ಕಾಲ ಕಳೆಯಬಹುದಿತ್ತು. ಅವರು ಆರಿಸಿಕೊಂಡದ್ದು ನಸುಕಿನಲ್ಲೆದ್ದು ಹುಡುಗರನ್ನು ಓಡಿಸುವ ಕೆಲಸವನ್ನು. 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಹುಟ್ಟಿಕೊಂಡ ಮೇಲೆ ಭಿವಾನಿಗೂ ತರಬೇತಿ ಕೇಂದ್ರ ಬಂತು. ಊರಿನ ಭೀಮ್ ಕ್ರೀಡಾಂಗಣ ಗ್ಲೌಸಿನ ಸದ್ದಿಗೆ ಒಗ್ಗಿಕೊಂಡಿತು.

ಬಾಕ್ಸಿಂಗ್ ಕಲಿಯಲು ಹೋದವನು ಮೊದಲ ದಿನವೇ ಗುದ್ದು ಕಲಿಯುವುದಿಲ್ಲ. ಮೊದಲು ಕೈಗೆ ಬಟ್ಟೆ ಸುತ್ತುವುದನ್ನು ಕಲಿಯಬೇಕು. ಉದ್ದನೆಯ ಪಟ್ಟಿಯ ತುದಿಯ ಕುಣಿಕೆಯನ್ನು ಹೆಬ್ಬೆರಳಿಗೆ ಸಿಕ್ಕಿಸಿ, ಮಣಿಕಟ್ಟಿಗೆ ಸುತ್ತಿ, ಬೆರಳ ಗೆಣ್ಣುಗಳ ಮೇಲೆ ಹಾಯಿಸಿ ಮತ್ತೆ ಮಣಿಕಟ್ಟಿಗೆ ತರಬೇಕು. ಬಿಗಿ ಹೆಚ್ಚಾದರೆ ಬೆರಳು ಮರಗಟ್ಟುತ್ತದೆ, ಸಡಿಲವಾದರೆ ಮಣಿಕಟ್ಟು ಉಳುಕುತ್ತದೆ. ಆಮೇಲೆ ನಿಲುವು: ಎಡಗಾಲು ಮುಂದೆ, ಬಲ ಹಿಮ್ಮಡಿ ತುಸು ಮೇಲೆ, ಗದ್ದ ಕೆಳಗೆ, ಮೊಣಕೈ ಪಕ್ಕೆಲುಬಿಗೆ ಅಂಟಿಕೊಂಡಂತೆ. ಹಾಗೆಯೇ ಮುಂದೆ ಹಿಂದೆ, ಅಕ್ಕಪಕ್ಕ ಜಾರುತ್ತಾ ವಾರಗಟ್ಟಲೆ. ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಗುದ್ದು, ಬರುವುದು ಅದಾದ ಮೇಲೆ. ಕೈ ಎಷ್ಟು ವೇಗವಾಗಿ ಹೋಯಿತೋ ಅಷ್ಟೇ ವೇಗವಾಗಿ ಕೆನ್ನೆಯ ಪಕ್ಕಕ್ಕೆ ವಾಪಸ್ ಬರಬೇಕು. ಹೊಸಬರೆಲ್ಲ ತಪ್ಪುವುದು ಇಲ್ಲೇ. ಹೊಡೆದ ಖುಷಿಗೆ ಕೈ ಸೊಂಟದ ಕಡೆ ಇಳಿಯುತ್ತದೆ; ಆ ಅರೆಕ್ಷಣದಲ್ಲಿ ಬದಿಯಿಂದ ಬೀಸಿದ ಎದುರಾಳಿಯ ಹುಕ್ ಬಂದು ಬೀಳುತ್ತದೆ.

ಹೊಡೆದವನಿಗೆ ತನ್ನ ಕೈ ಇಳಿದದ್ದು ಕಾಣುವುದಿಲ್ಲ. ಪಂಚಿಂಗ್ ಬ್ಯಾಗ್ ಅದನ್ನು ಹೇಳಿಕೊಡುವುದೂ ಇಲ್ಲ. ಪಕ್ಕದಲ್ಲಿ ನಿಂತ ಕಣ್ಣೊಂದು ನೋಡಿ, ದಿನಕ್ಕೆ ನೂರು ಸಲವಾದರೂ ಬೈದು ತಿದ್ದಬೇಕು. ಆ ಕಣ್ಣು ಅದುವರೆಗೆ ದಂಡು ಪ್ರದೇಶದ ಬೇಲಿಯ ಒಳಗಿತ್ತು. ಹವಾ ಸಿಂಗ್ ಅದನ್ನು ಬೇಲಿಯ ಹೊರಗೆ ತಂದರು. ಸೇನೆಗೆ ಸೇರಿ ಬಾಕ್ಸರ್ ಆಗುತ್ತಿದ್ದ ಹುಡುಗ ಇನ್ನು ಬಾಕ್ಸರ್ ಆಗಿಯೇ ಸೇನೆಗೋ ರೈಲ್ವೆಗೋ ಪೊಲೀಸ್ ಇಲಾಖೆಗೋ ಸೇರಬಹುದಿತ್ತು. ಮಳೆ ನೆಚ್ಚಿಕೊಂಡ ಸೀಮೆಯಲ್ಲಿ ಕ್ರೀಡಾ ಕೋಟಾದ ನೌಕರಿ ಸಣ್ಣ ಮಾತಲ್ಲ. ಗ್ಲೌಸಿನ ಹಿಂದೆ ಹೊಟ್ಟೆಪಾಡಿನ ದಾರಿ ಕಂಡಿದ್ದರಿಂದಲೇ ಹಳ್ಳಿಯ ಅಪ್ಪಂದಿರು ಮಕ್ಕಳನ್ನು ಸೈಕಲ್ ಮೇಲೆ ಕೂರಿಸಿಕೊಂಡು ತಂದು ಬಿಟ್ಟರು.

ಫಲ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಶಿಷ್ಯ ರಾಜ್‌ಕುಮಾರ್ ಸಾಂಗ್ವಾನ್ 1990ರ ದಶಕದಲ್ಲಿ ಹೆವಿವೇಟ್‌ನಲ್ಲೇ ಏಷ್ಯನ್ ಚಾಂಪಿಯನ್ ಆದರು. ಹವಾ ಸಿಂಗ್ ಅವರಿಗೆ 1999ನೇ ಸಾಲಿನ ದ್ರೋಣಾಚಾರ್ಯ ಪ್ರಶಸ್ತಿ, ಕೋಚ್‌ಗಳಿಗೆ ಕೊಡುವ ರಾಷ್ಟ್ರೀಯ ಗೌರವ, ಘೋಷಣೆಯಾಯಿತು. ಅದನ್ನು ಸ್ವೀಕರಿಸಲು ಎರಡು ವಾರವಷ್ಟೇ ಉಳಿದಿತ್ತು. 2000ದ ಆಗಸ್ಟ್ 14ರಂದು ಭಿವಾನಿಯಲ್ಲಿ ತೀರಿಕೊಂಡರು. ಪ್ರಶಸ್ತಿ ಪಡೆದದ್ದು ಪತ್ನಿ ಅಂಗೂರಿ ದೇವಿ.

ಕ್ಯೂಬಾದ ಎದುರು ಕ್ಯೂಬಾ

ಒಬ್ಬರ ಮೇಲೆ ನಿಂತ ಕೆಲಸ ಆ ಒಬ್ಬರು ಹೋದೊಡನೆ ಕುಸಿಯುವುದು ನಮ್ಮಲ್ಲಿ ಮಾಮೂಲು. ಭಿವಾನಿಯಲ್ಲಿ ಹಾಗಾಗಲಿಲ್ಲ. ಕ್ರೀಡಾ ಪ್ರಾಧಿಕಾರದ ಕೋಚ್ ಜಗದೀಶ್ ಸಿಂಗ್ ಭಿವಾನಿ ಬಾಕ್ಸಿಂಗ್ ಕ್ಲಬ್ ಕಟ್ಟಿದರು. ಕಲುವಾಸ್ ಹಳ್ಳಿಯ ಬಸ್ ಡ್ರೈವರ್ ಒಬ್ಬರ ಮಗ ವಿಜೇಂದರ್ ಪಳಗಿದ್ದು ಅವರ ಗರಡಿಯಲ್ಲಿ.

2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದ ಐವರು ಭಾರತೀಯ ಬಾಕ್ಸರ್‌ಗಳಲ್ಲಿ ನಾಲ್ವರು ಭಿವಾನಿಯಲ್ಲಿ ತರಬೇತಾದವರು: ವಿಜೇಂದರ್, ಅಖಿಲ್ ಕುಮಾರ್, ಜಿತೇಂದರ್ ಕುಮಾರ್, ದಿನೇಶ್ ಕುಮಾರ್. ಅಖಿಲ್ ವಿಶ್ವ ಚಾಂಪಿಯನ್ ಆಗಿದ್ದ ರಷ್ಯಾದ ಸೆರ್ಗೆಯ್ ವೊಡೊಪ್ಯಾನೊವ್ ಅವರನ್ನು ಕೆಡವಿ ಕ್ವಾರ್ಟರ್‌ಫೈನಲ್ ತಲುಪಿದರು. ಜಿತೇಂದರ್ ಕೂಡ ಅಲ್ಲಿವರೆಗೆ ಹೋದರು. ವಿಜೇಂದರ್ ಸೆಮಿಫೈನಲ್‌ನಲ್ಲಿ ಎಮಿಲಿಯೊ ಕೊರಿಯಾ ಎದುರು 5-8ರಿಂದ ಸೋತು ಕಂಚು ತಂದರು. ಒಲಿಂಪಿಕ್ ಬಾಕ್ಸಿಂಗ್‌ನಲ್ಲಿ ಭಾರತಕ್ಕೆ ಅದೇ ಮೊದಲ ಪದಕ. 'ಮಿನಿ ಕ್ಯೂಬಾ'ದ ಹುಡುಗನನ್ನು ತಡೆದ ಕೊರಿಯಾ ಅಸಲಿ ಕ್ಯೂಬಾದವರು!

ತೆರೆದುಕೊಂಡ ಇನ್ನೊಂದು ಬಾಗಿಲು

ಹವಾ ಸಿಂಗ್ ಕಾಲದ ಬಾಕ್ಸಿಂಗ್ ಗಂಡಸರ ಆಟ. ಮಹಿಳೆಯರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದೇ 2001ರಲ್ಲಿ, ಅವರು ತೀರಿಕೊಂಡ ಮರುವರ್ಷ. ಅವರ ಹೆಸರಿನ ಅಕಾಡೆಮಿಯನ್ನು ನಡೆಸುತ್ತಾ ಬಂದ ಮಗ, ತಾವೂ ಬಾಕ್ಸರ್ ಆಗಿದ್ದ ಸಂಜಯ್, ಹುಡುಗಿಯರಿಗೂ ಬಾಗಿಲು ತೆರೆದರು. ಅಲ್ಲಿಗೆ ಬಂದವರಲ್ಲಿ ಪೂಜಾ ರಾಣಿ ಒಬ್ಬರು. ಅಪ್ಪ ಪೊಲೀಸ್, ಮಗಳು ರಿಂಗ್‌ಗೆ ಇಳಿಯುವುದು ಅವರಿಗೆ ಸುತರಾಂ ಇಷ್ಟವಿರಲಿಲ್ಲ. ಮುಖಕ್ಕೆ ಪೆಟ್ಟು ಬಿದ್ದ ದಿನ ಪೂಜಾ ಮನೆಗೆ ಹೋಗದೆ ಗೆಳತಿಯ ಮನೆಯಲ್ಲಿ ಉಳಿಯುತ್ತಿದ್ದರು. ಕೊನೆಗೆ ಕೋಚ್ ಮನೆಗೇ ಹೋಗಿ ಅಪ್ಪನ ಮನವೊಲಿಸಬೇಕಾಯಿತು. ಅದೇ ಪೂಜಾ ಮುಂದೆ ಎರಡು ಬಾರಿ ಏಷ್ಯನ್ ಚಾಂಪಿಯನ್ ಆದರು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕ್ವಾರ್ಟರ್‌ಫೈನಲ್ ಆಡಿದರು. ಧನಾನಾ ಹಳ್ಳಿಯ ನೀತು ಘಂಘಾಸ್ 2023ರಲ್ಲಿ ವಿಶ್ವ ಚಾಂಪಿಯನ್ ಆದರು. ಅವರು ಕಲಿತದ್ದು ಜಗದೀಶ್ ಸಿಂಗ್ ಅವರ ಕ್ಲಬ್ಬಿನಲ್ಲಿ.

2025ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ ನಾಲ್ಕು ಪದಕ ಬಂದವು. ನಾಲ್ಕನ್ನೂ ಗೆದ್ದವರು ಮಹಿಳೆಯರು, ಅವರಲ್ಲಿ ಮೂವರು ಭಿವಾನಿಯವರು. 57 ಕೆ.ಜಿ. ವಿಭಾಗದಲ್ಲಿ ಚಿನ್ನ ಗೆದ್ದ ಜಾಸ್ಮಿನ್ ಲಂಬೋರಿಯಾ ಹವಾ ಸಿಂಗ್ ಅವರ ವಂಶದ ಕುಡಿ. 80 ಕೆ.ಜಿ. ವಿಭಾಗದಲ್ಲಿ ಪೂಜಾ ಅವರಿಗೆ ಕಂಚು. 80 ಕೆ.ಜಿ.ಗೂ ಮೇಲಿನ ವಿಭಾಗದಲ್ಲಿ ಬೆಳ್ಳಿ ಗೆದ್ದ ನೂಪುರ್ ಶೆವರಾನ್ ಸಂಜಯ್ ಅವರ ಮಗಳು, ಹವಾ ಸಿಂಗ್ ಅವರ ಮೊಮ್ಮಗಳು. ತಾತ ಗೆದ್ದದ್ದು ಹೆವಿವೇಟ್‌ನಲ್ಲಿ, ಮೊಮ್ಮಗಳೂ ಅತಿ ಭಾರದ ವಿಭಾಗದವಳೇ.

ಭಿವಾನಿಯ ಗೆಲುವಿಗೆ ಕಾರಣ ಕೇಳಿದರೆ ಹಾಲು–ತುಪ್ಪ, ಮಣ್ಣಿನ ಗುಣ, ರಕ್ತದ ಗುಣ ಎನ್ನುವವರಿದ್ದಾರೆ. ಹಾಲು ತುಪ್ಪ 1956ಕ್ಕೂ ಮುಂಚೆ ಇತ್ತು, ಬಾಕ್ಸರ್‌ಗಳು ಇರಲಿಲ್ಲ. ರಕ್ತದ ವಾದವೂ ಪೂಜಾ, ನೀತು, ವಿಜೇಂದರ್ ಅವರ ಮುಂದೆ ನಿಲ್ಲುವುದಿಲ್ಲ. ಅವರ್ಯಾರೂ ಕ್ಯಾಪ್ಟನ್ ಮನೆಯವರಲ್ಲ. ವ್ಯತ್ಯಾಸ ತಂದದ್ದು ಗೆದ್ದವರೊಬ್ಬರು ಊರಿಗೆ ಬಂದು ಕಲಿಸಲು ನಿಂತದ್ದು, ಅವರ ನಂತರವೂ ಕಲಿಸುವವರು ಸಿಕ್ಕಿದ್ದು. ಪದಕ ತಂದವರಿಗೆ ಹುದ್ದೆ, ನಿವೇಶನ, ನಗದು ಕೊಡುವುದರಲ್ಲಿ ನಮ್ಮ ರಾಜ್ಯ ಸರ್ಕಾರಗಳು ಈಗ ಹಿಂದೆ ಬಿದ್ದಿಲ್ಲ. ಅವರಲ್ಲಿ ಎಷ್ಟು ಮಂದಿಯನ್ನು ಮತ್ತೆ ತಮ್ಮ ತಾಲ್ಲೂಕಿನ ಮೈದಾನಕ್ಕೆ ಕರೆತರುತ್ತೇವೆ ಎಂಬುದನ್ನೂ ಅಷ್ಟೇ ಆಸಕ್ತಿಯಿಂದ ಲೆಕ್ಕ ಹಾಕಿದರೆ, ಇನ್ನೊಂದು ಭಿವಾನಿ ಹುಟ್ಟಲು ಇಷ್ಟು ವರ್ಷ ಕಾಯಬೇಕಿಲ್ಲ.