ಹಳೆಯ ಟ್ರಕ್ಕಿನ ಪಕ್ಕದ ಕನ್ನಡಿಗಳು

ಏಳು ದಶಕಗಳಷ್ಟು ಹಳೆಯದಾದ ಟ್ರಕ್ಕನ್ನು ಪ್ರದರ್ಶನಕ್ಕೆಂದು ಸಿಂಗರಿಸುವವರೂ ಅದೇ ಮಾದರಿಯ ಟ್ರಕ್ಕನ್ನು ದಿನವೂ ಕೆಲಸಕ್ಕೆ ಓಡಿಸುವವರೂ ಬಿಡಿಭಾಗಗಳನ್ನು ಕೊಳ್ಳುವುದು ಒಂದೇ ಅಂಗಡಿಗಳಲ್ಲಾದರೂ, ಪಕ್ಕದ ಕನ್ನಡಿಗಳ ವಿಷಯಕ್ಕೆ ಬಂದಾಗ ಅವರಿಬ್ಬರ ದಾರಿ ಬೇರೆಯಾಗಬೇಕಾಗುತ್ತದೆ. ಮೊದಲನೆಯವರಿಗೆ ಕನ್ನಡಿ ಕಾರ್ಖಾನೆಯಿಂದ ಬಂದಂತೆಯೇ ಇದ್ದರೆ ಸಾಕು. ಎರಡನೆಯವರಿಗೆ ಅದು ಹಿಂದಿನಿಂದ ಬರುವ ಅಪಾಯವನ್ನು ವೇಳೆಗೆ ಸರಿಯಾಗಿ ತಿಳಿಸಬೇಕು. ಅಮೆರಿಕದಲ್ಲಿ ಇಂದಿಗೂ ನಿತ್ಯದ ಓಡಾಟಕ್ಕೆ ಬಳಕೆಯಲ್ಲಿರುವ ಹಳೆಯ ಪಿಕಪ್‌ಗಳಲ್ಲಿ, ಅಂದರೆ ಮುಂದೆ ಕ್ಯಾಬಿನ್ನು, ಹಿಂದೆ ತೆರೆದ ತೊಟ್ಟಿ ಇರುವ ಸಣ್ಣ ಟ್ರಕ್ಕುಗಳಲ್ಲಿ, 1947ರಿಂದ 1955ರವರೆಗೆ ತಯಾರಾದ ಷೆವರ್ಲೆ ಕಂಪನಿಯ ‘ಅಡ್ವಾನ್ಸ್ ಡಿಸೈನ್’ ಸರಣಿಯ 3100 ಮಾದರಿ ಬಹಳ ಹೆಸರುವಾಸಿಯಾದದ್ದು. ಈ ಬರಹದ ಲೆಕ್ಕಾಚಾರಗಳಿಗೆಲ್ಲ ಅದನ್ನೇ ಆಧಾರವಾಗಿಟ್ಟುಕೊಂಡಿದ್ದರೂ, ಅದೇ ಕಾಲದ ಫೋರ್ಡ್, ಡಾಜ್ ಟ್ರಕ್ಕುಗಳಿಗೂ ಅವು ಹೆಚ್ಚುಕಡಿಮೆ ಅನ್ವಯಿಸುತ್ತವೆ.

ಈ ಟ್ರಕ್ಕುಗಳು ತಯಾರಾದ ಕಾಲದಲ್ಲಿ ಬಲಬದಿಯ ಕನ್ನಡಿ ಅನೇಕ ವೇಳೆ ಹೆಚ್ಚಿನ ಹಣ ತೆತ್ತು ಹಾಕಿಸಿಕೊಳ್ಳಬೇಕಾದ ಸಾಮಗ್ರಿಯಾಗಿತ್ತು. ಆಗಿನ ಹಳ್ಳಿಯ ರಸ್ತೆಗಳಿಗೆ ಎಡಬದಿಯ ಕನ್ನಡಿಯೊಂದೇ ಸಾಕಾಗುತ್ತಿತ್ತು ಎಂದು ಒಪ್ಪಬಹುದಾದರೂ ಇಂದಿನ ಹೆದ್ದಾರಿಗಳಲ್ಲಿ ಪರಿಸ್ಥಿತಿ ತಿರುಗುಮುರುಗಾಗಿದೆ. 216 ಘನ ಇಂಚಿನ, ಅಂದರೆ ಸುಮಾರು 3.5 ಲೀಟರಿನ ಆರು ಸಿಲಿಂಡರ್ ಎಂಜಿನ್ ಮತ್ತು 4.11ರ ಹಿಂಬದಿ ಗೇರು ಅನುಪಾತವಿರುವ ಟ್ರಕ್ಕು ನಿರಾಯಾಸವಾಗಿ ಓಡುವುದು ಗಂಟೆಗೆ 80 ಕಿಲೋಮೀಟರಿನ ಆಸುಪಾಸಿನಲ್ಲಿ. ಸುತ್ತಲಿನ ವಾಹನಗಳ ವೇಗವಾದರೋ 110ರ ಮೇಲೆ. ಕ್ಯಾಲಿಫೋರ್ನಿಯಾದ ಕಾನೂನು ಕನ್ನಡಿಯು ಹಿಂದಿನ 200 ಅಡಿ, ಅಂದರೆ 61 ಮೀಟರ್ ದೂರದವರೆಗಿನ ರಸ್ತೆಯನ್ನು ತೋರಿಸಬೇಕೆಂದು ವಿಧಿಸುತ್ತದೆ. ವೇಗಗಳ ನಡುವಿನ 30 ಕಿಲೋಮೀಟರ್ ಅಂತರದಲ್ಲಿ ಹಿಂದಿನ ಕಾರು ಆ 61 ಮೀಟರುಗಳನ್ನು ಏಳು ಸೆಕೆಂಡುಗಳ ಸುಮಾರಿಗೆ ದಾಟಿ ಮೈಮೇಲೆ ಬಂದಿರುತ್ತದೆ. ರಸ್ತೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ಹೋಗುವ ವಾಹನದ ಚಾಲಕನಿಗೆ ಮುಂದಿನ ರಸ್ತೆಯಷ್ಟೇ ಹಿಂದಿನ ರಸ್ತೆಯೂ ಮುಖ್ಯ, ಅದರಲ್ಲೂ ಎಡಗಡೆ ಕುಳಿತು ಓಡಿಸುವ ಅಮೆರಿಕದ ಚಾಲಕನಿಗೆ ತನ್ನಿಂದ ದೂರವಿರುವ ಬಲಬದಿ. ತೊಟ್ಟಿಯಲ್ಲಿ ಎತ್ತರದ ಸಾಮಾನು ತುಂಬಿತೆಂದರೆ ಕ್ಯಾಬಿನ್ನಿನ ಒಳಗಿನ ಕನ್ನಡಿ ಸಾಮಾನಿನ ಬೆನ್ನನ್ನಷ್ಟೇ ತೋರಿಸುವುದರಿಂದ ಹೊರಗಿನ ಎರಡು ಕನ್ನಡಿಗಳೇ ಉಳಿದ ದಾರಿ.

ಕನ್ನಡಿಯ ಗಾತ್ರವನ್ನು ಕಣ್ಣಂದಾಜಿನಲ್ಲಿ ನಿರ್ಧರಿಸುವ ಬದಲು ಸಣ್ಣದೊಂದು ಲೆಕ್ಕ ಮಾಡುವುದು ಮೇಲು. ಸಮತಲ ದರ್ಪಣದಲ್ಲಿ, ಅಂದರೆ ಉಬ್ಬುತಗ್ಗಿಲ್ಲದ ಚಪ್ಪಟೆ ಗಾಜಿನ ಕನ್ನಡಿಯಲ್ಲಿ, ವಸ್ತುವಿನ ಗಾತ್ರ ಬದಲಾಗುವುದಿಲ್ಲ. ಎಷ್ಟು ಅಗಲದ ನೋಟ ಸಿಗುತ್ತದೆ ಎಂಬುದು ಕನ್ನಡಿಯ ಅಗಲವನ್ನೂ ಅದು ಕಣ್ಣಿನಿಂದ ಇರುವ ದೂರವನ್ನೂ ಅವಲಂಬಿಸಿರುತ್ತದೆ. ಚಾಲಕನ ಬದಿಯಲ್ಲಿ 5 ಇಂಚು ವ್ಯಾಸದ ದುಂಡು ಕನ್ನಡಿ ಕಣ್ಣಿನಿಂದ 65 ಸೆಂಟಿಮೀಟರ್ ದೂರದಲ್ಲಿದೆ ಎಂದಿಟ್ಟುಕೊಂಡರೆ ಒಂದು ಕಣ್ಣಿಗೆ ಸಿಗುವ ನೋಟದ ಕೋನ ಸುಮಾರು 10 ಡಿಗ್ರಿ, ಎರಡೂ ಕಣ್ಣು ಸೇರಿದರೆ 15ರ ಹತ್ತಿರ, ಮತ್ತು ಇದು ಪಕ್ಕದ ಲೇನನ್ನು ತಕ್ಕಮಟ್ಟಿಗೆ ತುಂಬಿಕೊಳ್ಳುತ್ತದೆ. ಅದೇ ಕನ್ನಡಿಯನ್ನು ಬಲಬದಿಗೆ, ಕಣ್ಣಿನಿಂದ ಒಂದೂವರೆ ಮೀಟರ್ ಆಚೆಗೆ ಹಾಕಿದಾಗ ಒಂದು ಕಣ್ಣಿನ ನೋಟ 4 ಡಿಗ್ರಿಗೆ ಇಳಿದು, ಹತ್ತು ಮೀಟರ್ ಹಿಂದೆ ಬರುತ್ತಿರುವ ಕಾರಿನ ಪೂರ್ತಿ ಅಗಲವೂ ಅದರಲ್ಲಿ ಹಿಡಿಸುವುದಿಲ್ಲ. ಎರಡೂ ಕಡೆ ಒಂದೇ ಜೋಡಿಯ ದುಂಡು ಕನ್ನಡಿಗಳನ್ನು ಹಾಕಿ ಅಂದವನ್ನು ಸಾಧಿಸಿದವರ ಬಲಗನ್ನಡಿ ಬಹುಮಟ್ಟಿಗೆ ಒಡವೆಯಾಗಿಯೇ ಉಳಿಯುವುದು ಈ ಕಾರಣಕ್ಕೆ.

ಅಮೆರಿಕದ ಕೇಂದ್ರ ಸರ್ಕಾರದ ಹಿನ್ನೋಟ ಮಾನದಂಡ, 111ನೆಯ ಸಂಖ್ಯೆಯದು, ಮೊದಲು 1968ರಿಂದ ಹೊಸ ಕಾರುಗಳಿಗೆ ಜಾರಿಗೆ ಬಂದು ಆಮೇಲೆ ಟ್ರಕ್ಕುಗಳಿಗೂ ವಿಸ್ತರಿಸಿತು. ತಯಾರಿಕೆಯ ಹೊತ್ತಿಗೆ ಅನ್ವಯವಾಗುವ ಈ ನಿಯಮ ಅದಕ್ಕೂ ಹಿಂದಿನ ವಾಹನಗಳನ್ನು ಕಟ್ಟಿಹಾಕುವುದಿಲ್ಲವಾದರೂ, ಆಯ್ಕೆಗೆ ಅದು ಒಳ್ಳೆಯ ಅಳತೆಗೋಲು. 4,536 ಕಿಲೋಗ್ರಾಂವರೆಗಿನ ಒಟ್ಟು ತೂಕಕ್ಕೆ ರೂಪಿಸಿದ ಟ್ರಕ್ಕಿಗೆ ಅದು ಒಪ್ಪುವ ಏರ್ಪಾಟುಗಳಲ್ಲಿ ಒಂದೆಂದರೆ ಎರಡೂ ಬದಿಗೆ ತಲಾ 126 ಚದರ ಸೆಂಟಿಮೀಟರಿಗೆ ಕಡಿಮೆಯಿಲ್ಲದ ಚಪ್ಪಟೆ ಕನ್ನಡಿ. 5 ಇಂಚಿನ ದುಂಡು ಕನ್ನಡಿಯ ವಿಸ್ತೀರ್ಣ ಆ ಅಂಕಿಯನ್ನು ಕೂದಲೆಳೆಯಲ್ಲಿ ಮುಟ್ಟುತ್ತದೆ. ಹಳೆಯ ಚೆಲುವಿಗಾಗಿ ಹಲವರು ಮೆಚ್ಚುವ 4 ಇಂಚಿನ ಕನ್ನಡಿಯ ವಿಸ್ತೀರ್ಣವಾದರೋ ಬರೀ 81 ಚದರ ಸೆಂಟಿಮೀಟರ್. ದಿನವೂ ರಸ್ತೆಗಿಳಿಯುವ ಟ್ರಕ್ಕಿಗೆ ನಾಲ್ಕಿಂಚಿನದನ್ನು ಪಟ್ಟಿಯಿಂದಲೇ ಕೈಬಿಡಬಹುದು.

ಬಲಬದಿಯ ಕೊರತೆಯನ್ನು ನೀಗಲು ಇರುವ ಉಪಾಯಗಳು ಎರಡು: ಕನ್ನಡಿಯನ್ನು ದೊಡ್ಡದು ಮಾಡುವುದು, ಇಲ್ಲವೇ ಅದನ್ನು ಉಬ್ಬಿಸುವುದು. ಮೊದಲನೆಯ ದಾರಿಯಲ್ಲಿ ಸಿಗುವುದು ‘ವೆಸ್ಟ್ ಕೋಸ್ಟ್’ ಎಂದು ಕರೆಯಲಾಗುವ, ದೊಡ್ಡ ಲಾರಿಗಳ ಬಾಗಿಲ ಮೇಲೆ ಕಾಣುವ, ಸುಮಾರು 7 ಇಂಚು ಅಗಲ 16 ಇಂಚು ಎತ್ತರದ ಆಯತಾಕಾರದ ಕನ್ನಡಿ. ಎತ್ತರ ಹೆಚ್ಚಿದಷ್ಟೂ ಹಿಂಬದಿಯ ಚಕ್ರದ ಬಳಿಯ ನೆಲದಿಂದ ದೂರದ ದಿಗಂತದವರೆಗೆ ಒಂದೇ ನೋಟದಲ್ಲಿ ಕಾಣುವುದರಿಂದ ಸರಕು ಹೇರುವವರಿಗೂ ಹಿಂದೆ ಟ್ರೈಲರ್ ಕಟ್ಟಿ ಎಳೆಯುವವರಿಗೂ ಅದು ಉಪಯುಕ್ತ. ಆದರೆ ಪಕ್ಕದ ಲೇನಿನ ನೋಟಕ್ಕೆ ಬೇಕಾದದ್ದು ಅಗಲ. ಅದು 5ರಿಂದ 7 ಇಂಚಿಗೆ ಏರಿದರೆ ಬಲಬದಿಯಲ್ಲಿ ಹೆಚ್ಚುವುದು ಒಂದೆರಡು ಡಿಗ್ರಿ ಮಾತ್ರ.

ಎರಡನೆಯ ದಾರಿ ಪೀನ ದರ್ಪಣದ್ದು, ಅಂದರೆ ನೋಡುವವನ ಕಡೆಗೆ ಉಬ್ಬಿದ ಕನ್ನಡಿಯದು. ಅದರ ಉಬ್ಬನ್ನು ವಕ್ರತಾ ತ್ರಿಜ್ಯದಿಂದ ಅಳೆಯುತ್ತಾರೆ: ಕನ್ನಡಿಯ ಮೈ ಯಾವ ದೊಡ್ಡ ಗೋಳದ ತುಣುಕೋ ಆ ಗೋಳದ ತ್ರಿಜ್ಯವೇ ಅದು, ಮತ್ತು ತ್ರಿಜ್ಯ ಚಿಕ್ಕದಾದಷ್ಟೂ ಉಬ್ಬು ಹೆಚ್ಚು. ಒಂದು ಮೀಟರ್ ತ್ರಿಜ್ಯದ 5 ಇಂಚಿನ ಕನ್ನಡಿಯನ್ನು ಬಲಬದಿಯಲ್ಲಿ ಹಾಕಿದರೆ ಒಂದು ಕಣ್ಣಿನ ನೋಟ 4ರಿಂದ 18 ಡಿಗ್ರಿಗೆ ಏರುತ್ತದೆ. ಈ ಲಾಭಕ್ಕೆ ತೆರಬೇಕಾದ ಬೆಲೆಯೂ ಅಷ್ಟೇ ನಿಖರವಾದದ್ದು: ದೂರದ ವಾಹನ ಚಪ್ಪಟೆ ಕನ್ನಡಿಯಲ್ಲಿ ಕಾಣುವುದರ ಕಾಲುಭಾಗದಷ್ಟಾಗಿ ಕಾಣುತ್ತದೆ, ಆದ್ದರಿಂದ ಗಾತ್ರವನ್ನು ನೋಡಿ ದೂರವನ್ನು ಅಳೆಯುವ ಮನಸ್ಸು ಅದು ನಾಲ್ಕು ಪಟ್ಟು ದೂರದಲ್ಲಿದೆ ಎಂದು ಮೋಸಹೋಗುತ್ತದೆ. ಅಮೆರಿಕದ ಮಾನದಂಡ ಚಾಲಕನ ಬದಿಗೆ ಚಪ್ಪಟೆ ಕನ್ನಡಿಯನ್ನೇ ಕಡ್ಡಾಯ ಮಾಡಿ, ಆಚೆಯ ಬದಿಯ ಪೀನ ದರ್ಪಣದ ತ್ರಿಜ್ಯ 889ರಿಂದ 1,651 ಮಿಲಿಮೀಟರ್ ಒಳಗಿರಬೇಕೆಂದು ಹೇಳಿ, ಕಾಣುವ ವಸ್ತುಗಳು ತೋರುವುದಕ್ಕಿಂತ ಹತ್ತಿರದಲ್ಲಿವೆ ಎಂಬ ಎಚ್ಚರಿಕೆಯನ್ನು ಗಾಜಿನ ಮೇಲೆಯೇ ಬರೆಸಿರುವುದಕ್ಕೆ ಇದೇ ಕಾರಣ. ಈ ಮಿತಿಯ ಮೇಲಿನ ತುದಿಗೆ ಹತ್ತಿರವಿರುವ, ಹೆಚ್ಚು ಚಪ್ಪಟೆಯಾದ ಪೀನ ದರ್ಪಣದಲ್ಲಿ ವಾಹನ ಮೂರನೆಯ ಒಂದು ಪಾಲಿಗಿಂತ ತುಸು ದೊಡ್ಡದಾಗಿ ಕಾಣುವುದರಿಂದ, ನಿಧಾನದ ಟ್ರಕ್ಕಿಗೆ ಅದೇ ಹೆಚ್ಚು ಹೊಂದುತ್ತದೆ. ನೋಟದ ಅಗಲ ತುಸು ಕಡಿಮೆಯಾದರೂ ಹಿಂದಿನವನ ವೇಗವನ್ನು ಊಹಿಸುವುದು ಸುಲಭವಾಗುತ್ತದೆ.

ಮಾರುಕಟ್ಟೆಯಲ್ಲಿ ದೊರೆಯುವ ಅನೇಕ ಹಳೆಯ ಮಾದರಿಯ ಪೀನ ದರ್ಪಣಗಳ ಮೇಲೆ ತ್ರಿಜ್ಯವನ್ನು ನಮೂದಿಸಿರುವುದಿಲ್ಲವಾದ್ದರಿಂದ ಅದನ್ನು ಕೊಳ್ಳುವವರೇ ಅಳೆದುಕೊಳ್ಳಬೇಕಾಗುತ್ತದೆ. ನೇರವಾದ ಉಕ್ಕಿನ ಅಳತೆಪಟ್ಟಿಯನ್ನು ಕನ್ನಡಿಯ ನಡುವಿಗೆ ತಾಗುವಂತೆ ಸಮವಾಗಿ ಹಿಡಿದು, ನಡುವಿನಿಂದ ಎರಡೂ ಕಡೆ 6 ಸೆಂಟಿಮೀಟರ್ ದೂರದಲ್ಲಿ ಪಟ್ಟಿಗೂ ಗಾಜಿಗೂ ಇರುವ ಸಂದನ್ನು ನೋಡಿದರೆ ಸಾಕು: ಸಂದು 1.8 ಮಿಲಿಮೀಟರ್ ಇದ್ದರೆ ತ್ರಿಜ್ಯ ಒಂದು ಮೀಟರ್, 1.3 ಇದ್ದರೆ 1.4 ಮೀಟರಿನ ಹತ್ತಿರ, 6 ಮಿಲಿಮೀಟರ್ ಇದ್ದರೆ ಬರೀ 30 ಸೆಂಟಿಮೀಟರ್. ಕೊನೆಯ ಬಗೆಯದರಲ್ಲಿ ಹಿಂದಿನ ಲಾರಿಯೂ ಇರುವೆಯಂತೆ ಕಾಣುತ್ತದೆ. ಅಂಟಿಸುವ ಪುಟ್ಟ ಬಿಲ್ಲೆಗನ್ನಡಿಗಳು ಈ ಜಾತಿಯವು. ಪಕ್ಕದಲ್ಲಿ ಯಾರಾದರೂ ಇದ್ದಾರೆಯೇ ಎಂದು ತಿಳಿಯಲು ಅವು ಸಾಕು, ಎಷ್ಟು ದೂರದಲ್ಲಿದ್ದಾರೆ ಎಂದು ತಿಳಿಯಲು ಅಲ್ಲ.

ಗಾಜಿನ ಆಯ್ಕೆ ಎಷ್ಟೇ ಸರಿಯಾಗಿದ್ದರೂ ಅದನ್ನು ಹಿಡಿದಿರುವ ತೋಳು ನಡುಗಿದರೆ ಎಲ್ಲವೂ ವ್ಯರ್ಥ. ಮೋಟಾರು ವಾಹನದ ಹಿನ್ನೋಟದ ಕನ್ನಡಿಯ ಚರಿತ್ರೆಯಲ್ಲಿ ತಪ್ಪದೆ ಬರುವ ಹೆಸರು ರೇ ಹ್ಯಾರೂನ್ ಅವರದು. 1911ರಲ್ಲಿ ನಡೆದ ಮೊದಲ ಇಂಡಿಯಾನಾಪೊಲಿಸ್ 500 ಮೈಲಿ ಪಂದ್ಯದಲ್ಲಿ ಇತರ ಚಾಲಕರು ಹಿಂದೆ ನೋಡಲು ಒಬ್ಬ ಮೆಕ್ಯಾನಿಕ್ಕನ್ನು ಜೊತೆಗೆ ಕೂರಿಸಿಕೊಂಡಿದ್ದರೆ, ಅವರು ತಮ್ಮ ಒಂಟಿ ಆಸನದ ಮಾರ್ಮನ್ ವಾಸ್ಪ್ ಕಾರಿಗೆ ಕಂಬಿಗಳ ಮೇಲೆ ಕನ್ನಡಿಯೊಂದನ್ನು ನಿಲ್ಲಿಸಿ ಪಂದ್ಯ ಗೆದ್ದರು. ಆದರೆ ಇಟ್ಟಿಗೆ ಹಾಸಿದ ಆ ಪಥದ ಮೇಲೆ ಕನ್ನಡಿ ಅದುರಿ ಅದುರಿ ಅದರಲ್ಲಿ ಏನೂ ಸರಿಯಾಗಿ ಕಾಣುತ್ತಿರಲಿಲ್ಲವೆಂದು ಮುಂದೆ ಅವರೇ ಒಪ್ಪಿಕೊಂಡರು. ಹಳೆಯ ಟ್ರಕ್ಕಿನ ಒಡೆಯರ ಪಾಡು ಇಂದಿಗೂ ಅದಕ್ಕಿಂತ ಬಹಳ ಬೇರೆಯಾಗಿಲ್ಲ. ಕನ್ನಡಿ ಒಂದು ಕೋನದಷ್ಟು ಅಲುಗಿದರೆ ಅದರಲ್ಲಿನ ನೋಟ ಅದರ ಎರಡರಷ್ಟು ಅಲುಗುತ್ತದೆ. 5 ಇಂಚಿನ ಕನ್ನಡಿಯ ಅಂಚು ಕಾಲು ಮಿಲಿಮೀಟರಿನಷ್ಟು ನಡುಗಿದರೂ 50 ಮೀಟರ್ ಹಿಂದಿನ ಕಾರು ನಲವತ್ತು ಸೆಂಟಿಮೀಟರ್ ಅತ್ತಿತ್ತ ಜಿಗಿದಂತೆ ತೋರುತ್ತದೆ.

ನಡುಕಕ್ಕೆ ಕಾರಣಗಳು ಎಂಜಿನ್ನೂ ರಸ್ತೆಯೂ ಹೌದಾದರೂ, ಅದು ಮಿತಿಮೀರುವುದು ತೋಳಿನ ಸಹಜ ಕಂಪನಾಂಕ ಅವುಗಳ ಕಂಪನಾಂಕಕ್ಕೆ ಹೊಂದಿಕೊಂಡಾಗ. ಸಹಜ ಕಂಪನಾಂಕವೆಂದರೆ ಒಮ್ಮೆ ತಟ್ಟಿಬಿಟ್ಟಾಗ ವಸ್ತು ತಾನಾಗಿ ಸೆಕೆಂಡಿಗೆ ಎಷ್ಟು ಬಾರಿ ಅಲುಗುತ್ತದೆಯೋ ಆ ಸಂಖ್ಯೆ. ನಿಮಿಷಕ್ಕೆ 500 ಸುತ್ತು ತಿರುಗುತ್ತ ನಿಂತಲ್ಲೇ ಓಡುವ ಆರು ಸಿಲಿಂಡರಿನ ಎಂಜಿನ್ನಿನಲ್ಲಿ ಸೆಕೆಂಡಿಗೆ 25 ಬಾರಿ ಇಂಧನ ಉರಿಯುತ್ತದೆ; ಸಪೂರ ತೋಳಿನ ಕಂಪನಾಂಕ ಅದರ ಹತ್ತಿರ ಬಂದರೆ ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಕನ್ನಡಿ ಮಸುಕಾಗುತ್ತದೆ. ಒಂದೇ ಕಡೆ ಬಿಗಿದ ತೋಳಿನ ಉದ್ದವನ್ನು ಎರಡು ಪಟ್ಟು ಮಾಡಿದರೆ ಕಂಪನಾಂಕ ಸುಮಾರು ಮೂರನೆಯ ಒಂದು ಭಾಗಕ್ಕೆ ಕುಸಿಯುತ್ತದೆ, ತುದಿಯ ಭಾರ ಹೆಚ್ಚಿದರೆ ಇನ್ನಷ್ಟು ಇಳಿಯುತ್ತದೆ. ಉದ್ದ ತೋಳಿನ ತುದಿಯಲ್ಲಿ ಭಾರದ ಕ್ರೋಮ್ ಕನ್ನಡಿಯನ್ನು ಕೂರಿಸುವ ಆಸೆಗೆ ಭೌತಶಾಸ್ತ್ರ ಹೀಗೆ ಅಡ್ಡಿಬರುತ್ತದೆ. ವೆಸ್ಟ್ ಕೋಸ್ಟ್ ಕನ್ನಡಿಗೆ ಮೇಲೆ, ಕೆಳಗೆ ಮತ್ತು ಓರೆಯಾಗಿ ಆಧಾರಗಳಿರುವುದು ತ್ರಿಕೋನದ ಬಿಗುವಿಗಾಗಿ. ಸಣ್ಣ ಕನ್ನಡಿಗೂ ಒಂದು ಓರೆಗಂಬಿ ಸೇರಿಸಿದರೆ ದುಬಾರಿ ತೋಳು ಕೊಳ್ಳುವುದಕ್ಕಿಂತ ಹೆಚ್ಚಿನ ಫಲ ಸಿಗುತ್ತದೆ.

ಕೂರಿಸುವ ಜಾಗದ ಬಗ್ಗೆ ಒಂದೇ ನಿಯಮವಿಲ್ಲ. ಬಾಗಿಲಿನ ಅಂಚಿಗೆ ಕಚ್ಚಿ ನಿಲ್ಲುವ ದುಂಡು ಕನ್ನಡಿಗೆ ತೂತು ಕೊರೆಯಬೇಕಿಲ್ಲ, ಆದರೆ ಬಾಗಿಲನ್ನು ಬಡಿದು ಮುಚ್ಚುವಾಗ ಅದು ಜಾರುತ್ತದೆ. 1951ರಿಂದೀಚೆಗಿನ ಷೆವರ್ಲೆ ಟ್ರಕ್ಕಿನ ಬಾಗಿಲ ಮುಂಭಾಗದಲ್ಲಿ ಗಾಳಿಗಾಗಿ ತೆರೆಯುವ ಪುಟ್ಟ ಗಾಜೊಂದಿರುವುದರಿಂದ, ಆ ಗಾಜು ತೆರೆದಾಗ ಕನ್ನಡಿಗೆ ತಾಗುವುದಿಲ್ಲವೇ, ಅದರ ಲಂಬ ಚೌಕಟ್ಟು ನೋಟಕ್ಕೆ ಅಡ್ಡ ಬರುವುದಿಲ್ಲವೇ ಎಂದು ಮೊದಲೇ ನೋಡಿಕೊಳ್ಳಬೇಕು. ಈ ಟ್ರಕ್ಕಿನ ಹಿಂಬದಿಯ ಮಡ್‌ಗಾರ್ಡುಗಳು ತೊಟ್ಟಿಯಿಂದ ಹೊರಕ್ಕೆ ಉಬ್ಬಿಕೊಂಡಿರುವುದರಿಂದ ಕನ್ನಡಿ ಅವುಗಳಾಚೆಗೆ ನೋಡುವಷ್ಟು ಚಾಚಿರಬೇಕು. ಷೆವರ್ಲೆಯಲ್ಲಿ 1958ರ ‘ಫ್ಲೀಟ್‌ಸೈಡ್’ನಂಥ ನೇರ ಮೈಯ ತೊಟ್ಟಿ ಬಂದ ಮೇಲೆ ಈ ತೊಡಕು ಕಡಿಮೆಯಾಯಿತು. ದಿನವೂ ಕೂರುವ ಭಂಗಿಯಲ್ಲೇ ಚಾಲಕ ಕುಳಿತು, ಮತ್ತೊಬ್ಬರು ಕನ್ನಡಿಯ ಅಳತೆಗೆ ಕತ್ತರಿಸಿದ ರಟ್ಟನ್ನು ಬಾಗಿಲ ಮೇಲೆ ಸರಿಸುತ್ತ ಜಾಗ ಗುರುತಿಸಿದ ಮೇಲಷ್ಟೇ ಡ್ರಿಲ್ಲು ಕೈಗೆತ್ತಿಕೊಳ್ಳುವುದು ಒಳ್ಳೆಯದು. ಬಾಗಿಲಿನ ತಗಡು ತೆಳುವಾದ್ದರಿಂದ ಒಳಗಡೆ ಒಂದು ದಪ್ಪ ಲೋಹದ ಪಟ್ಟಿ ಇರಿಸಿ ಬೋಲ್ಟು ಬಿಗಿಯದಿದ್ದರೆ ತಗಡೇ ಬಾಗಿ ನಡುಗುತ್ತದೆ. ಕೊರೆದ ತೂತಿನ ಅಂಚಿಗೆ ಪ್ರೈಮರ್ ಬಳಿದು ರಬ್ಬರ್ ಪಟ್ಟಿ ಹಾಕದಿದ್ದರೆ ಮೊದಲ ಮಳೆಗಾಲದಲ್ಲೇ ತುಕ್ಕು ಶುರುವಾಗುತ್ತದೆ.

ಗಾಜಿನ ಗುಣಮಟ್ಟವನ್ನು ಕೊಳ್ಳುವ ಮೊದಲೇ ಪರೀಕ್ಷಿಸಬಹುದು: ಕಿಟಕಿಯ ಚೌಕಟ್ಟಿನಂಥ ನೇರ ಗೆರೆಯೊಂದನ್ನು ಕನ್ನಡಿಯಲ್ಲಿ ನೋಡುತ್ತ ನಿಧಾನವಾಗಿ ಓರೆ ಮಾಡಿದಾಗ ಆ ಗೆರೆ ಹಾವಿನಂತೆ ಹೊರಳಿದರೆ ಆ ಗಾಜು ಬೇಡ. ಬೆಳ್ಳಿಯ ಲೇಪದ ಕನ್ನಡಿ ಬೆಳಕಿನ ಬಹುಭಾಗವನ್ನು ಹಿಂದಿರುಗಿಸಿದರೆ, ಗಾಜಿನ ಮುಂಭಾಗಕ್ಕೆ ಕ್ರೋಮಿಯಂ ಲೇಪಿಸಿದ್ದು ಅರ್ಧದ ಆಸುಪಾಸನ್ನಷ್ಟೇ ಹಿಂದಿರುಗಿಸುತ್ತದೆ. ಮಾನದಂಡ ಕೇಳುವುದು ಕನಿಷ್ಠ 35 ಪ್ರತಿಶತವಾದ್ದರಿಂದ ರಾತ್ರಿ ಹೆಚ್ಚು ಓಡಿಸುವವರು ಹಿಂದಿನ ಹೆಡ್‌ಲೈಟುಗಳ ಕಣ್ಣು ಕೋರೈಸುವಿಕೆಯನ್ನು ತಗ್ಗಿಸಲು ಎರಡನೆಯದನ್ನು ಆರಿಸಬಹುದು. ಮಂಜು ಕರಗಿಸುವ ಬಿಸಿ ಕನ್ನಡಿಯ ಆಸೆಯಿರುವವರು ಈ ಸರಣಿಯ ಟ್ರಕ್ಕುಗಳ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು, ಇಂದಿನ ಉಪಕರಣಗಳು 12 ವೋಲ್ಟಿಗೆ ಮಾಡಿದವು ಎಂಬುದನ್ನು ಮರೆಯಬಾರದು.

ಹೊಂದಿಸುವ ವಿಷಯದಲ್ಲಿ ಜಾರ್ಜ್ ಪ್ಲಾಟ್ಜರ್ ಎಂಬ ಎಂಜಿನಿಯರ್ 1995ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಪ್ರಸಿದ್ಧವಾದ ವಿಧಾನವೊಂದಿದೆ: ಚಾಲಕ ತಲೆಯನ್ನು ಎಡ ಕಿಟಕಿಗೆ ಒರಗಿಸಿದಾಗ ಮಾತ್ರ ವಾಹನದ ಮೈ ಎಡಗನ್ನಡಿಯ ಅಂಚಿನಲ್ಲಿ ಕಾಣುವಷ್ಟು ಕನ್ನಡಿಯನ್ನು ಹೊರಕ್ಕೆ ತಿರುಗಿಸುವುದು, ಬಲಗನ್ನಡಿಗೂ ಹೀಗೆಯೇ ತಲೆಯನ್ನು ನಡುವಿಗೆ ವಾಲಿಸಿ ಮಾಡುವುದು. ಒಳಗಿನ ಕನ್ನಡಿಯ ನೋಟ ಮುಗಿದಲ್ಲಿ ಹೊರಗಿನ ಕನ್ನಡಿಗಳ ನೋಟ ತೊಡಗುವುದರಿಂದ ಯಾವ ಕನ್ನಡಿಗೂ ಸಿಗದ ಕುರುಡು ಜಾಗ ಕಿರಿದಾಗುತ್ತದೆ. ಆದರೆ ಆ ವಿಧಾನ ಒಳಗಿನ ಕನ್ನಡಿಯನ್ನು ನಂಬಿರುವಂಥದ್ದು. ತೊಟ್ಟಿ ತುಂಬಿದ ದಿನ ಟ್ರಕ್ಕಿನ ಮೈಯ ಒಂದು ಗೆರೆ ಕಾಣುವಂತೆ ಹೊರಗನ್ನಡಿಗಳನ್ನು ಒಳಕ್ಕೆ ತಿರುಗಿಸಿಕೊಳ್ಳಲೇಬೇಕು. ಆದ್ದರಿಂದ ಕೈಯಿಂದ ಸುಲಭವಾಗಿ ತಿರುಗುವ, ತಿರುಗಿಸಿದ ಮೇಲೆ ಗಟ್ಟಿಯಾಗಿ ನಿಲ್ಲುವ ಗುಂಡುಕೀಲು ನಿತ್ಯಬಳಕೆಯ ಕನ್ನಡಿಗೆ ಅತ್ಯಗತ್ಯ.

ಭಾರತದಲ್ಲಿ ಹಳೆಯ ಡಾಜ್, ಫಾರ್ಗೊ, ಬೆಡ್‌ಫರ್ಡ್ ಲಾರಿಗಳನ್ನು ಉಳಿಸಿಕೊಂಡಿರುವವರು ಈ ಲೆಕ್ಕಗಳನ್ನೆಲ್ಲ ಎಡಬಲ ಅದಲುಬದಲು ಮಾಡಿ ಓದಿಕೊಳ್ಳಬೇಕು. ಇಲ್ಲಿ ಚಾಲಕ ಬಲಕ್ಕೆ ಕೂರುವುದರಿಂದ ದೂರದ ಕನ್ನಡಿ ಎಡಬದಿಯದು, ಮತ್ತು ದ್ವಿಚಕ್ರ ವಾಹನಗಳು ನುಸುಳಿ ಬರುವುದೂ ಆ ಬದಿಯಿಂದಲೇ. ಅಮೆರಿಕದಿಂದ ತರಿಸಿದ ಜೋಡಿಯಲ್ಲಿ ಎಡತೋಳು ಗಿಡ್ಡವಾಗಿ ಬಲತೋಳು ಉದ್ದವಾಗಿದ್ದರೆ ಅದು ಇಲ್ಲಿಗೆ ತದ್ವಿರುದ್ಧ. ಎಚ್ಚರಿಕೆಯ ಬರಹವಿರುವ ಪೀನ ದರ್ಪಣವನ್ನು ಬಲಬದಿಗೆ ಕೂರಿಸಿದರೆ ದೂರವನ್ನು ಸರಿಯಾಗಿ ತೋರಿಸಬೇಕಾದ ಹತ್ತಿರದ ಕನ್ನಡಿಯೇ ತಪ್ಪು ಹೇಳುತ್ತದೆ. ಚಿಪ್ಪು ಮತ್ತು ತೋಳುಗಳನ್ನಷ್ಟೇ ಹೊರಗಿನಿಂದ ತರಿಸಿಕೊಂಡು, ಗಾಜನ್ನು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಹುಡುಕಿ, ಬಲಕ್ಕೆ ಚಪ್ಪಟೆಯದನ್ನೂ ಎಡಕ್ಕೆ ಅಳತೆಪಟ್ಟಿಯಿಂದ ಪರೀಕ್ಷಿಸಿದ ಪೀನದ್ದನ್ನೂ ಕೂರಿಸಿಕೊಳ್ಳುವುದು ಪೂರ್ತಿ ಜೋಡಿಯನ್ನು ಆಮದು ಮಾಡಿಕೊಳ್ಳುವುದಕ್ಕಿಂತ ಅಗ್ಗವೂ ಆಗಬಹುದು, ಇಲ್ಲಿನ ರಸ್ತೆಗೆ ಹೊಂದುವುದಂತೂ ಖಂಡಿತ.