ಟೊಪ್ಪಿಗೆ ಕಳಚಿದ ದೂತ

ಅರಸನ ಆಜ್ಞೆಯನ್ನೊಯ್ಯುವ ಓಲೆಕಾರನಂತೆ, ವಂಶವಾಹಿಯ ಸಂದೇಶವನ್ನು ಜೀವಕೋಶದೊಳಗೆ ಒಯ್ಯುವ ದೂತನೊಬ್ಬನುಂಟು: ದೂತ ಆರ್‌ಎನ್‌ಎ. ಅವನ ತಲೆಗೆ ಗ್ವಾನೊಸಿನ್ ಎಂಬ ರಾಸಾಯನಿಕದ ಟೊಪ್ಪಿಗೆ, ಹಿಂದೊಂದು ನೀಳವಾದ ಬಾಲ. ಇವೆರಡೂ ಇರುವತನಕ ಅವನು ಸುರಕ್ಷಿತ. ಅವನ ಓಲೆಯಂತೆ ಪ್ರೋಟೀನುಗಳು ಸಿದ್ಧವಾಗುತ್ತವೆ.

ಆದರೆ ಆಜ್ಞೆಗೂ ಅವಧಿಯೊಂದಿದೆಯಲ್ಲವೆ? ಮೊದಲು ಬಾಲ ಸವೆಯುತ್ತದೆ. ಬಳಿಕ ಡಿಸಿಪಿ2 ಎಂಬ ಕಿಣ್ವ ಟೊಪ್ಪಿಗೆಯನ್ನು ಕತ್ತರಿಸುತ್ತದೆ. ಬರಿದಾದ ತಲೆಯಿಂದ ತೊಡಗಿ ಎಕ್ಸ್‌ಆರ್‌ಎನ್1 ಎಂಬ ಮತ್ತೊಂದು ಕಿಣ್ವ ಓಲೆಯ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿಹಾಕುತ್ತದೆ.

ಇದನ್ನು ಕ್ರೌರ್ಯವೆನ್ನಲಾಗದು. ಉರಿಯೂತವನ್ನು ಕೆರಳಿಸುವ ಓಲೆಗಳನ್ನು ಅಳಿವಿಗೊಪ್ಪಿಸುವ ಪ್ರೋಟೀನೊಂದಿಲ್ಲದ ಇಲಿಗಳಲ್ಲಿ ಕೀಲುಗಳು ಬಾತು, ದೇಹ ಕೃಶವಾದುದನ್ನು 1996ರಲ್ಲಿ ವಿಜ್ಞಾನಿಗಳು ಕಂಡರು. ಗಾಯ ಮಾಗಿದ ಮೇಲೂ ಕಾಳಗದ ಆಜ್ಞೆ ಉಳಿದರೆ ರಕ್ಷಣೆಯೇ ರೋಗವಾದೀತು. ಬರೆಯಬಲ್ಲ ಜೀವಕ್ಕೆ ಬರೆದುದನ್ನು ಅಳಿಸಲೂ ತಿಳಿದಿರಬೇಕು. ಅಳಿಸಿದ ಅಕ್ಷರಗಳೇ ನಾಳಿನ ಓಲೆಗೆ ಒದಗುತ್ತವೆ.