ಬಣ್ಣದ ಮರಶಿಲ್ಪಗಳಿಗೆ ಕುಟ್ಟೆ ಹಿಡಿದಾಗ

ದೆಹಲಿಯ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿ ತುಳುನಾಡಿನ ಭೂತಗಳ ಮರದ ಮೂರ್ತಿಗಳಿವೆ. ಇಂತಹ ಮೂರ್ತಿಗಳಿಗೆ ಹೆಚ್ಚಾಗಿ ಬಳಕೆಯಾಗುವುದು ಹಲಸಿನ ಮರ. ಅದರ ಮೇಲೆ ಬಣ್ಣದ ಲೇಪ. ಮರಕ್ಕೆ ಕುಟ್ಟೆ ಹಿಡಿದಾಗ ಕಣ್ಣಿಗೆ ಬೀಳುವುದು ಸಣ್ಣ ರಂಧ್ರ ಮತ್ತು ಹಿಟ್ಟಿನಂತಹ ಪುಡಿ. ಈ ರಂಧ್ರವು ಹುಳು ಒಳಹೊಕ್ಕ ದಾರಿಯಲ್ಲ, ಬೆಳೆದ ದುಂಬಿ ಹೊರಬಿದ್ದ ದಾರಿ ಎಂಬುದನ್ನು ನಾವು ಗಮನಿಸಬೇಕು. ಮರವನ್ನು ತಿನ್ನುವ ಮರಿಹುಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಒಳಗೇ ಇರುತ್ತದೆ. ಆದುದರಿಂದ ಮೇಲೆ ಸೀಮೆಎಣ್ಣೆ ಬಳಿದರೆ ಹುಳು ಸಾಯುವುದು ಸಂದೇಹ. ಬಣ್ಣ ಕೆಡುವ ಭಯವೇ ಹೆಚ್ಚು.

ಧೂಮೀಕರಣಕ್ಕೆ ಬಳಸುತ್ತಿದ್ದ ಮೀಥೈಲ್ ಬ್ರೋಮೈಡ್ ಓಝೋನ್ ಪದರಕ್ಕೆ ಹಾನಿಕರವೆಂದು 1992ರಲ್ಲಿ ಮಾಂಟ್ರಿಯಲ್ ಒಡಂಬಡಿಕೆಯ ನಿಯಂತ್ರಣಕ್ಕೆ ಒಳಪಟ್ಟಿತು. ಬಣ್ಣವಿಲ್ಲದ ಮರವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಶೂನ್ಯಕ್ಕಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೀತದಲ್ಲಿ ಮೂರು ದಿನ ಇಡಬಹುದು. ದಪ್ಪ ಲೇಪವುಳ್ಳ ಮೂರ್ತಿಗೆ ಅದು ತಕ್ಕುದಲ್ಲ, ಲೇಪ ಬಿರಿಯಬಹುದು. ಅಂತಹದಕ್ಕೆ ನೈಟ್ರೋಜನ್ ವಿಧಾನವೇ ಮೇಲೆಂದು ನಮ್ಮ ಅಭಿಪ್ರಾಯ. ಮೂರ್ತಿಯನ್ನು ಗಾಳಿ ತೂರದ ಹೊದಿಕೆಯೊಳಗಿಟ್ಟು, ಆಮ್ಲಜನಕವನ್ನು ಶೇಕಡಾ 0.3ಕ್ಕಿಂತ ಕೆಳಗಿಳಿಸಿ, ಸುಮಾರು 25 ಡಿಗ್ರಿ ಉಷ್ಣತೆಯಲ್ಲಿ ಮೂರು ವಾರ ಅಥವಾ ಇನ್ನೂ ಹೆಚ್ಚು ಕಾಲ ಇರಿಸಬೇಕು. ಸಿಲಿಂಡರಿನಿಂದ ಬರುವ ಅನಿಲ ತೀರ ಒಣಗಿದ್ದು. ಅದಕ್ಕೆ ತೇವ ಬೆರೆಸದಿದ್ದರೆ ಮರ ಕುಗ್ಗಿ ಬಣ್ಣ ಹಕ್ಕಳೆಯೇಳುತ್ತದೆ. ಹುಳು ಉಳಿಸಿದ್ದನ್ನು ಚಿಕಿತ್ಸೆಯೇ ಕೆಡಿಸಿದಂತಾಗುತ್ತದೆ.

ಈ ಚಿಕಿತ್ಸೆ ಮರದಲ್ಲಿ ಯಾವ ವಿಷವನ್ನೂ ಉಳಿಸುವುದಿಲ್ಲವಾದ್ದರಿಂದ ಹುಳು ಮತ್ತೆ ಹತ್ತಬಹುದು. ಹಳೆಯ ಪುಡಿಯನ್ನು ಒರೆಸಿ, ಪೀಠದಡಿ ಕಪ್ಪು ಕಾಗದ ಹಾಸಿ, ಹೊಸ ಪುಡಿ ಉದುರುವುದೇ ಎಂದು ನೋಡುತ್ತಿರಬೇಕು.